ನೋಡೋಕೆ ಚೆಂದ ಇಲ್ಲ, ಆದರೂ ಚಾಂಪಿಯನ್: ಅಡ್ಡಾದಿಡ್ಡಿ ಆಡಿ ಗೆದ್ದ ಬಾಕ್ಸರ್‌ಗಳು (ಬಾಕ್ಸಿಂಗ್ ಪ್ರಿಯರ ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು)

ಹದಿನೈದನೇ ಸುತ್ತು

ಬಾಕ್ಸಿಂಗ್ ಮಾತು ಬಂದರೆ ಸಾಕು, ಶುಗರ್ ರೇ ರಾಬಿನ್ಸನ್, ಅಲಿ, ಲೆನರ್ಡ್, ಮೇವೆದರ್ ಅಂತ ಹೆಸರುಗಳು ಸಾಲಾಗಿ ಬರುತ್ತವೆ. ಬರಬೇಕಾದ್ದೇ. ಆದರೆ ಚಾಂಪಿಯನ್‌ಗಳಲ್ಲಿ ಇನ್ನೊಂದು ಬಳಗ ಇದೆ. ಗಲ್ಲ ಮೇಲೆ, ಮೊಣಕೈ ಆಚೆ, ಕಾಲಿಗೆ ಕಾಲು ತೊಡರುವಂಥ ನಡೆ. ಕೋಚ್ ಮೊದಲ ವಾರದಲ್ಲೇ ಬೇಡ ಅನ್ನುವುದನ್ನೆಲ್ಲ ಮಾಡಿಕೊಂಡೇ ಪಟ್ಟ ಗೆದ್ದವರು. ಅವರ ಬಗ್ಗೆ ಮಾತಾಡೋಣ ಅಂತ ಆಸೆ.

ನನ್ನ ಆಯ್ಕೆ ಜೀನ್ ಫುಲ್ಮರ್. ಅಮೆರಿಕದ ಯೂಟಾದವನು, ಮಿಡಲ್‌ವೇಯ್ಟ್, ಅಂದರೆ ಮಧ್ಯಮ ತೂಕದ ವರ್ಗದವನು. ಪಂಚ್ ಜೊತೆಗೆ ಇಡೀ ಮೈಯನ್ನೂ ಮುಂದೆ ನೂಕಿಬಿಡುತ್ತಿದ್ದ. ಪಂಚ್ ತಪ್ಪಿದರೂ ತಲೆಯೋ ಭುಜವೋ ಎದುರಾಳಿಗೆ ತಗಲುತ್ತಿತ್ತು. 1957ರ ಜನವರಿ 2ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇವನು 15 ಸುತ್ತು ಆಡಿ ರಾಬಿನ್ಸನ್‌ನಿಂದ ಪಟ್ಟ ಕಿತ್ತುಕೊಂಡ. ಮೇ 1ರಂದು ಷಿಕಾಗೋದಲ್ಲಿ ರಾಬಿನ್ಸನ್ ಪಕ್ಕದಿಂದ ಬೀಸುವ ಒಂದೇ ಎಡಗೈ ಹುಕ್‌ನಲ್ಲಿ ಅವನನ್ನು ಮಲಗಿಸಿದ. ಆ ಹುಕ್ ಎಲ್ಲರಿಗೂ ಗೊತ್ತು. ಪೂರ್ತಿ ಲೆಕ್ಕ ಯಾರೂ ಹೇಳುವುದಿಲ್ಲ. ಇಬ್ಬರೂ ನಾಲ್ಕು ಸಲ ಎದುರಾದರು. ಫುಲ್ಮರ್ ಎರಡು ಗೆದ್ದ, ಒಂದು ಡ್ರಾ ಆಯಿತು. ರಾಬಿನ್ಸನ್‌ಗೆ ಸಿಕ್ಕಿದ್ದು ಆ ಒಂದೇ ಗೆಲುವು.

ಮೊದಲ ಪಂದ್ಯದ ಹೊತ್ತಿಗೆ ರಾಬಿನ್ಸನ್‌ಗೆ 35 ಆಗಿತ್ತು, ಒಪ್ಪುತ್ತೇನೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ, 1955ರಲ್ಲೂ 1956ರಲ್ಲೂ, ಬೋಬೋ ಓಲ್ಸನ್‌ನನ್ನು ಇದೇ ರಾಬಿನ್ಸನ್ ನಾಕೌಟ್ ಮಾಡಿದ್ದ. ಮುದುಕನಾಗಿದ್ದ ಅಂತ ಹೇಳಿ ಸುಮ್ನೆ ದಾಟಿಸುವ ಹಾಗಿಲ್ಲ.

ನಾನು ಹೇಳೋದು ಇಷ್ಟೇ. ಇಂಥ ಪಂದ್ಯ ನೋಡುವಾಗ ಕೆಟ್ಟದಾಗಿ ಆಡುವವನನ್ನು ನೋಡಬೇಡಿ. ಅವನ ಎದುರು ಇರುವವನನ್ನು ನೋಡಿ. ಅಷ್ಟು ಚೆನ್ನಾಗಿ ಆಡುವವನಿಗೆ ಇವತ್ತು ಯಾಕೆ ಆಡಲಾಗುತ್ತಿಲ್ಲ ಅನ್ನೋದು ಅಲ್ಲಿ ಕಾಣುತ್ತದೆ.

ಹಳೇ ಗ್ಲೌಸ್

ಒಳ್ಳೇ ವಿಷಯ ಎತ್ತಿದ್ದೀರಿ. ಕೋಚಿಂಗ್ ಮಾಡುವವನಾಗಿ ಒಂದಿಷ್ಟು ಸೇರಿಸುತ್ತೇನೆ.

ಪಂಚ್ ಹೊರಟ ಮೇಲೆ ಅದನ್ನು ನೋಡಿ ತಪ್ಪಿಸಿಕೊಳ್ಳುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಬಾಕ್ಸರ್ ಓದುವುದು ಪಂಚ್‌ಗಿಂತ ಮುಂಚಿನ ಸುಳಿವುಗಳನ್ನು. ಭುಜ ಸ್ವಲ್ಪ ಎದ್ದರೆ ಜ್ಯಾಬ್, ಅಂದರೆ ಮುಂದಿರುವ ಕೈಯ ಚುರುಕಾದ ನೇರ ಹೊಡೆತ. ಹಿಂಗಾಲಿನ ಹಿಮ್ಮಡಿ ತಿರುಗಿದರೆ ಬಲಗೈ. ಮುಂಗಾಲಿನ ಮೇಲೆ ಭಾರ ಕೂತು ಸೊಂಟ ಒಳಗೆ ತಿರುಗಿದರೆ ಹುಕ್. ವರ್ಷಗಟ್ಟಲೆ ಸ್ಪಾರಿಂಗ್ (ಜೊತೆಗಾರನ ಎದುರು ಅಭ್ಯಾಸದ ಆಟ) ಮಾಡಿದವನಿಗೆ ಇದು ಯೋಚನೆ ಮಾಡದೇ ಗೊತ್ತಾಗುತ್ತದೆ. ಯಾಕಂದ್ರೆ ಎಲ್ಲರೂ ಕಲಿತಿರುವುದು ಹೆಚ್ಚುಕಡಿಮೆ ಒಂದೇ ಪಾಠ.

ಅಡ್ಡಾದಿಡ್ಡಿ ಆಡುವವನ ಹತ್ತಿರ ಈ ಸುಳಿವುಗಳು ಕೆಡುತ್ತವೆ. ಭುಜ ಎದ್ದಿರುತ್ತದೆ, ಪಂಚ್ ಬರುವುದಿಲ್ಲ. ಕಾಲು ತಪ್ಪು ಜಾಗದಲ್ಲಿರುತ್ತದೆ, ಅಲ್ಲಿಂದ ಯಾರೂ ಹೊಡೆಯುವುದಿಲ್ಲ ಅಂತ ಎದುರಾಳಿ ಸಡಿಲಾದ ಕ್ಷಣದಲ್ಲೇ ಹೊಡೆತ ಬರುತ್ತದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟರೆ ಮೈ ಹೇಗೆ ಜೋಲಿ ಹೊಡೆಯುತ್ತದೆ ನೋಡಿ, ಹಾಗಾಗುತ್ತದೆ ಒಳ್ಳೇ ಬಾಕ್ಸರ್‌ಗೆ. ಕಲಿತವನಿಗೇ ಇದರ ಕಷ್ಟ ಜಾಸ್ತಿ. ಏನೂ ಕಲಿಯದವನು ಸುಳಿವು ಓದುವುದೇ ಇಲ್ಲ.

ಇನ್ನೊಂದು ತೊಂದರೆ ತಯಾರಿಯದು. ಎತ್ತರದ ಜ್ಯಾಬ್ ಬಾಕ್ಸರ್ ಎದುರಿದ್ದರೆ ಸ್ಪಾರಿಂಗ್‌ಗೆ ಅಂಥವನೊಬ್ಬನನ್ನು ಕರೆಸಬಹುದು. ಬಲಗೈ ಮುಂದಿಟ್ಟು ಆಡುವ ಸೌತ್‌ಪಾ ಕೂಡ ಸಿಗುತ್ತಾನೆ. ಫುಲ್ಮರ್ ಥರ ಆಡುವವನನ್ನು ಎಲ್ಲಿಂದ ತರುತ್ತೀರಿ? ಒಳ್ಳೇ ಬಾಕ್ಸರ್‌ಗೆ ಹಾಗೆ ನಟಿಸು ಅಂದರೆ ಎರಡು ನಿಮಿಷದಲ್ಲಿ ತನ್ನ ಅಭ್ಯಾಸಕ್ಕೇ ವಾಪಸ್ ಬಂದುಬಿಡುತ್ತಾನೆ. ಹಾಗಾಗಿ ನಿಜವಾದ ಪಂದ್ಯದ ಮೊದಲ ಮೂರ್ನಾಲ್ಕು ಸುತ್ತು ಬರೀ ಅರ್ಥ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಅಷ್ಟರಲ್ಲಿ ಸ್ಕೋರ್‌ಕಾರ್ಡ್ ಕೈ ಬಿಟ್ಟಿರುತ್ತದೆ.

ಎಡಗೈ ಹುಕ್

ರಾಕಿ ಮಾರ್ಸಿಯಾನೋ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ! 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಹೆವಿವೇಯ್ಟ್, ಅಂದರೆ ಎಲ್ಲಕ್ಕಿಂತ ಭಾರದ ವರ್ಗದ ಚಾಂಪಿಯನ್ ಆಗಿದ್ದು ಒಂದೂ ಸೋಲದೆ ನಿವೃತ್ತಿಯಾದವನು. ಆದರೆ ಅವನ ಅಳತೆ ನೋಡಿ. ಎತ್ತರ 5 ಅಡಿ 10 ಇಂಚಿನ ಆಸುಪಾಸು, ತೂಕ 190 ಪೌಂಡ್ ಒಳಗೆ, ತೋಳಿನ ಚಾಚು 68 ಇಂಚು ದಾಟುವುದಿಲ್ಲ. ಹೆವಿವೇಯ್ಟ್‌ಗೆ ಇದು ತೀರಾ ಕಡಿಮೆ. ಬಾಕ್ಸಿಂಗ್‌ಗೆ ತಡವಾಗಿ ಬಂದವನು ಬೇರೆ. ಬಲಗೈ ಬೀಸಿದರೆ ಎಡಗಾಲು ಎಲ್ಲಿಗೋ ಹೋಗುತ್ತಿತ್ತು.

ಅವನ ಕೋಚ್ ಚಾರ್ಲಿ ಗೋಲ್ಡ್‌ಮನ್ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅವನನ್ನು ನೆಟ್ಟಗೆ ನಿಲ್ಲಿಸಿ ಸುಂದರ ಬಾಕ್ಸರ್ ಮಾಡಲು ಹೋಗಲಿಲ್ಲ. ಗಿಡ್ಡ ಇದ್ದೀಯಾ, ಇನ್ನೂ ಗಿಡ್ಡ ಆಗು ಅನ್ನುವ ಹಾಗೆ ಮಂಡಿ ಬಾಗಿಸಿ, ಬಗ್ಗಿ ಆಡುವುದನ್ನು ಕಲಿಸಿದ. ಎತ್ತರದವರು ಅವನಿಗೆ ಹೊಡೆಯಬೇಕಾದರೆ ಕೆಳಗೆ ಹೊಡೆಯಬೇಕು. ಹಾಗೆ ಹೊಡೆದಾಗ ಅವರ ಗಲ್ಲ ತೆರೆದುಕೊಳ್ಳುತ್ತದೆ.

1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಎದುರಿಗೆ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್. ಮೊದಲ ಸುತ್ತಲ್ಲೇ ವಾಲ್ಕಾಟ್‌ನ ಎಡಗೈ ಹುಕ್‌ಗೆ ಮಾರ್ಸಿಯಾನೋ ಕೆಳಗೆ ಬಿದ್ದ. ವೃತ್ತಿಜೀವನದಲ್ಲಿ ಅವನು ಬಿದ್ದದ್ದು ಅದೇ ಮೊದಲು. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದ. 13ನೇ ಸುತ್ತು ಶುರುವಾಗಿ ಇನ್ನೂ ಒಂದು ನಿಮಿಷ ಆಗಿಲ್ಲ, ವಾಲ್ಕಾಟ್ ಹಗ್ಗದ ಕಡೆಗೆ ಸರಿದ. ಇಬ್ಬರೂ ಒಟ್ಟಿಗೇ ಬಲಗೈ ಎತ್ತಿದರು. ಮಾರ್ಸಿಯಾನೋನ ಬಲಗೈ ಹೋದ ದೂರ ತೀರಾ ಕಡಿಮೆ, ಆದರೆ ಅದೇ ಮೊದಲು ತಲುಪಿತು. ವಾಲ್ಕಾಟ್‌ನ ಮುಖದ ಆಕಾರವೇ ಒಂದು ಕ್ಷಣ ಬದಲಾಗುವುದು ಆ ಕ್ಷಣದ ಫೋಟೋದಲ್ಲಿ ಕಾಣುತ್ತದೆ. ಆಮೇಲೆ ಅವನು ಒಂದು ತೋಳು ಹಗ್ಗಕ್ಕೆ ಸಿಕ್ಕಿಕೊಂಡೇ ಮೊಣಕಾಲ ಮೇಲೆ ಕುಸಿದ.

ವಿಡಿಯೋ ಸಿಕ್ಕರೆ ಆ ಪಂಚ್‌ಗಿಂತ ಮುಂಚಿನ ಎರಡು ಸೆಕೆಂಡ್ ನೋಡಿ. ಮಾರ್ಸಿಯಾನೋ ಬಗ್ಗಿ ಹತ್ತಿರ ಹೋಗಿ ಅಲ್ಲೇ ನಿಂತಿದ್ದಾನೆ. ವಾಲ್ಕಾಟ್‌ಗೆ ಜಾಗ ಉಳಿದಿಲ್ಲ. ಇದನ್ನು ಅದೃಷ್ಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ರಿಂಗ್ ಬದಿ

ಮಾರ್ಸಿಯಾನೋ, ಫುಲ್ಮರ್ ಇಬ್ಬರನ್ನೂ ಒಪ್ಪುತ್ತೇನೆ. ಅವರ ಆಟ ಚೆಂದ ಇಲ್ಲದಿದ್ದರೂ ಅಲ್ಲಿ ಜಗಳ ಇತ್ತು. ಆದರೆ ಇದೇ ಬಳಗಕ್ಕೆ ಜಾನ್ ರೂಯಿಸ್‌ನನ್ನು ಸೇರಿಸಿದರೆ ನಾನು ಒಪ್ಪುವುದಿಲ್ಲ.

ಜ್ಯಾಬ್ ಹಾಕು, ಅಪ್ಪಿಕೋ. ಜ್ಯಾಬ್ ಹಾಕು, ಅಪ್ಪಿಕೋ. ರೂಯಿಸ್ ಆಟ ಅಷ್ಟೇ. ರೆಫರಿ ಬಿಡಿಸುವುದರಲ್ಲೇ ಸುಸ್ತಾಗುತ್ತಾನೆ. ಕ್ಲಿಂಚ್, ಅಂದರೆ ಹೀಗೆ ಅಪ್ಪಿ ಹಿಡಿಯುವುದು, ಇರುವುದು ಪೆಟ್ಟು ತಿಂದವನು ಉಸಿರು ತಗೊಳ್ಳಲಿ ಅಂತ. ಅದನ್ನೇ 12 ಸುತ್ತು ಎಳೆದರೆ ಅದು ಶೈಲಿ ಅಲ್ಲ, ನಿಯಮದ ಸಂದಿಯಲ್ಲಿ ನುಸುಳುವುದು. ಹಿಡಿದುಕೊಂಡು ಹೊಡೆಯುವುದು ಫೌಲ್ ಅಂತ ನಿಯಮವೇ ಹೇಳುತ್ತದೆ ಅಲ್ವಾ? ರೆಫರಿಗಳು ಅಂಕ ಕಳೆಯದೆ ಬಿಟ್ಟಿದ್ದಕ್ಕೇ ಇಂಥವರು ಬೆಳೆದರು. ವ್ಲಾಡಿಮಿರ್ ಕ್ಲಿಚ್ಕೋ 2013ರಲ್ಲಿ ಮಾಸ್ಕೋದಲ್ಲಿ ಪೊವೆಟ್ಕಿನ್ ಮೇಲೆ ಬಿದ್ದು ಬಿದ್ದು ಆಡಿದ ಪಂದ್ಯ ನೆನೆಸಿಕೊಂಡರೆ ಇವತ್ತಿಗೂ ಕೋಪ ಬರುತ್ತದೆ. ಅವನ ಜ್ಯಾಬ್, ಅವನ ಬಲಗೈ ಎರಡೂ ಅಷ್ಟು ಚೆನ್ನಾಗಿದ್ದವು. ಅವನಿಗೆ ಅದು ಬೇಕಾಗಿರಲೇ ಇಲ್ಲ.

ಹದಿನೈದನೇ ಸುತ್ತು

ಕ್ಲಿಚ್ಕೋ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಒಂದು ಓಟು. ರೂಯಿಸ್ ವಿಷಯದಲ್ಲಿ ಇಲ್ಲ.

1996ರಲ್ಲಿ ಡೇವಿಡ್ ಟುವಾ ಇವನನ್ನು 19 ಸೆಕೆಂಡ್‌ನಲ್ಲಿ ಮುಗಿಸಿದ. 19 ಸೆಕೆಂಡ್! ಟಿವಿಯಲ್ಲಿ ಹಾಗೆ ಬಿದ್ದವನನ್ನು ಮತ್ತೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅವನು ಐದು ವರ್ಷ ಬಿಡದೆ ಆಡಿ 2001ರ ಮಾರ್ಚ್ 3ರಂದು ಇವಾಂಡರ್ ಹೋಲಿಫೀಲ್ಡ್‌ನನ್ನು 11ನೇ ಸುತ್ತಲ್ಲಿ ಕೆಳಗೆ ಬೀಳಿಸಿ ಪಾಯಿಂಟ್ ಮೇಲೆ ಗೆದ್ದ. ಲ್ಯಾಟಿನೋ ಮೂಲದ ಮೊದಲ ಹೆವಿವೇಯ್ಟ್ ಚಾಂಪಿಯನ್ ಆದ. 2004ರಲ್ಲಿ ಗೊಲೋಟಾ ಎದುರು ಎರಡು ಸಲ ಕೆಳಗೆ ಬಿದ್ದ, ಒಂದು ಅಂಕವನ್ನೂ ರೆಫರಿ ಕಳೆದ. ಅವನ ಕೋಚ್‌ನನ್ನೇ ರಿಂಗ್ ಬದಿಯಿಂದ ಹೊರಗೆ ಕಳಿಸಿದರು. ಅಷ್ಟೆಲ್ಲ ಆದಮೇಲೂ ಆ ರಾತ್ರಿ ಪಟ್ಟ ಉಳಿಸಿಕೊಂಡ.

ದೊಡ್ಡ ಹೊಡೆತ ತಡೆದುಕೊಳ್ಳುವ ಗಲ್ಲ ತನ್ನದಲ್ಲ ಅಂತ ಗೊತ್ತಾದ ಮನುಷ್ಯ ದೂರವನ್ನೇ ಇಲ್ಲವಾಗಿಸಿದ. ಪೂರ್ತಿ ದೂರ, ಇಲ್ಲವೇ ಪೂರ್ತಿ ಹತ್ತಿರ. ಪೆಟ್ಟು ಬೀಳುವುದು ನಡುವಿನ ದೂರದಲ್ಲಿ. ಅಲ್ಲಿ ನಿಲ್ಲಲಿಲ್ಲ. ನೋಡಲು ಬೇಜಾರಾಗುತ್ತದೆ, ಹೌದು. ಆದರೆ ಅದರ ಹಿಂದೆ ತಲೆ ಓಡಿದೆ.

ರಿಂಗ್ ಬದಿ

ಅವನ ಛಲದ ಬಗ್ಗೆ ನನ್ನ ತಕರಾರಿಲ್ಲ. 2003ರಲ್ಲಿ ರಾಯ್ ಜೋನ್ಸ್ ಲೈಟ್ ಹೆವಿವೇಯ್ಟ್‌ನಿಂದ ಮೇಲೆ ಬಂದು ಅವನ ಎದುರು 12 ಸುತ್ತು ಆರಾಮಾಗಿ ಗೆದ್ದದ್ದನ್ನೂ ನೋಡಿ. ಅಪ್ಪಿಕೊಳ್ಳಲು ಎದುರಾಳಿ ಸಿಗದಿದ್ದರೆ ರೂಯಿಸ್ ಹತ್ತಿರ ಬೇರೆ ದಾರಿ ಇರಲಿಲ್ಲ. ನನ್ನ ಪ್ರಕಾರ ಒಂದು ಆಟ ಎಷ್ಟು ಒಳ್ಳೇದು ಅಂತ ಅಳೆಯುವುದು ಎರಡನೇ ದಾರಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ.

ಜ್ಯಾಬ್ ಪ್ರಿಯೆ

ಕೆನ್ ನಾರ್ಟನ್ ಬಗ್ಗೆ ಹೇಳಬೇಕು. 1973ರ ಮಾರ್ಚ್ 31, ಸ್ಯಾನ್ ಡಿಯಾಗೋ. ಅಲಿಯ ದವಡೆ ಮುರಿದು ಗೆದ್ದ. ಇಬ್ಬರ ಮೂರೂ ಪಂದ್ಯ ನೋಡಿದರೆ ಅಲಿಗೆ ಒಂದರಲ್ಲೂ ಅವನ ಆಟದ ಗುಟ್ಟು ಬಿಡಿಸಲಾಗಿಲ್ಲ. ಎರಡನೆಯದೂ ಮೂರನೆಯದೂ ಅಲಿಗೆ ಸಿಕ್ಕವು, ಆದರೆ ಮೂರನೆಯದರ ತೀರ್ಪಿನ ಬಗ್ಗೆ ಇವತ್ತೂ ಜಗಳ ಇದೆ.

ನಾರ್ಟನ್ ತೋಳುಗಳನ್ನು ಮುಂದೆ ಅಡ್ಡವಾಗಿ ಇಟ್ಟುಕೊಂಡು ಹಿಂಗಾಲು ಎಳೆಯುತ್ತಾ ಬರುತ್ತಿದ್ದ. ಅವನ ಜ್ಯಾಬ್ ಕೆಳಗಿನಿಂದ ಏಳುತ್ತಿತ್ತು. ಕೋಚ್ ಎಡ್ಡಿ ಫಚ್ ಒಂದು ವಿಷಯ ಗಮನಿಸಿದ್ದರು. ಅಲಿ ಜ್ಯಾಬ್ ಹಾಕುವಾಗ ಅವನ ಬಲಗೈ ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಅಲಿ ಜ್ಯಾಬ್ ಹಾಕಿದ ಕ್ಷಣವೇ ನೀನೂ ಹಾಕು, ಅವನದನ್ನು ಬಲಗೈಯಲ್ಲಿ ಹಿಡಿ ಅಂತ ಯೋಜನೆ. ಅಲಿಯ ಜ್ಯಾಬ್ ನಾರ್ಟನ್‌ನ ಗ್ಲೌಸ್‌ಗೆ, ನಾರ್ಟನ್‌ನದು ಅಲಿಯ ಮುಖಕ್ಕೆ. ಜಗತ್ತಿನ ಅತಿ ವೇಗದ ಹೆವಿವೇಯ್ಟ್‌ನ ಮುಖ್ಯ ಆಯುಧವೇ ನಿಂತುಹೋಯಿತು.

ಆದರೆ ಅದೇ ನಾರ್ಟನ್ ದೊಡ್ಡ ಹೊಡೆತಗಾರರ ಎದುರು ಬೇಗ ಬಿದ್ದ. 1974ರಲ್ಲಿ ಫೋರ್ಮನ್ ಎರಡನೇ ಸುತ್ತಲ್ಲಿ, 1979ರಲ್ಲಿ ಶೇವರ್ಸ್ ಮೊದಲ ಸುತ್ತಲ್ಲಿ, 1981ರಲ್ಲಿ ಕೂನಿ 54 ಸೆಕೆಂಡ್‌ನಲ್ಲಿ. ಅವನ ಗಾರ್ಡ್ (ಕೈಗಳನ್ನು ಅಡ್ಡ ಹಿಡಿದು ಕಾಯುವ ರೀತಿ) ಮುಂದೆ ನಡೆಯುವಾಗ ಮಾತ್ರ ಕೆಲಸ ಮಾಡುತ್ತಿತ್ತು. ಹಿಂದೆ ತಳ್ಳುವವನು ಸಿಕ್ಕಿದರೆ ಮುಗಿಯಿತು.

ಇನ್ನು ಅಲಿಯನ್ನೇ ತಗೊಳ್ಳಿ. ಕೈ ಸೊಂಟದ ಹತ್ತಿರ, ಪಂಚ್ ಬಂದರೆ ತಲೆ ನೇರ ಹಿಂದಕ್ಕೆ. ಯಾವ ಜಿಮ್‌ನಲ್ಲಾದರೂ ಬೈಸಿಕೊಳ್ಳುವ ಅಭ್ಯಾಸ. ಕಾಲು ಮತ್ತು ಕಣ್ಣು ಅಷ್ಟು ಚುರುಕಾಗಿದ್ದಾಗ ಅದನ್ನೇ ಕಲೆ ಅಂತ ಕರೆದರು. 1963ರಲ್ಲಿ ಹೆನ್ರಿ ಕೂಪರ್, 1971ರ 15ನೇ ಸುತ್ತಲ್ಲಿ ಫ್ರೇಜಿಯರ್, ಇಬ್ಬರೂ ಎಡಗೈ ಹುಕ್‌ನಲ್ಲೇ ಅವನನ್ನು ಕೆಡವಿದರು. ಚೆಂದ, ಚೆಂದ ಇಲ್ಲ ಅನ್ನುವ ಗೆರೆ ನಾವು ಅಂದುಕೊಂಡಷ್ಟು ಗಟ್ಟಿ ಇಲ್ಲ ಅನಿಸುತ್ತದೆ.

ಹೊಸಬ

ಎಲ್ಲರದ್ದೂ ಓದುತ್ತಿದ್ದೇನೆ, ತುಂಬಾ ಕಲಿಯಲು ಸಿಗುತ್ತಿದೆ. ಹಳೇ ಗ್ಲೌಸ್ ಸರ್, ಎರಡು ಪ್ರಶ್ನೆ. ಅಡ್ಡಾದಿಡ್ಡಿ ಆಟ ಅಷ್ಟು ಕೆಲಸ ಮಾಡುತ್ತದೆ ಅಂದರೆ ಕೋಚ್‌ಗಳು ಯಾಕೆ ಅದನ್ನೇ ಕಲಿಸುವುದಿಲ್ಲ? ಮತ್ತೆ, ಇಂಥವರನ್ನು ಸೋಲಿಸುವುದು ಹೇಗೆ?

ಹಳೇ ಗ್ಲೌಸ್

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಆ ಆಟದ ಕೆಳಗೆ ಬೇರೆ ಏನೋ ಒಂದು ಇರಲೇಬೇಕು. ಮಾರ್ಸಿಯಾನೋಗೆ ಮುಗಿಯದ ಉಸಿರು ಮತ್ತು ಎರಡೂ ಕೈಯಲ್ಲಿ ಪೆಟ್ಟು. ಡಿಯೋಂಟೇ ವೈಲ್ಡರ್‌ಗೆ ಬಲಗೈ. ವೈಲ್ಡರ್ ಗ್ಲೌಸ್ ಹಾಕಿದ್ದೇ 20ರ ವಯಸ್ಸಿನಲ್ಲಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ. ಮೂಲಪಾಠಕ್ಕೆ ಸಮಯವೇ ಇರಲಿಲ್ಲ. ತೋಳು ಗಾಳಿಯಲ್ಲಿ ಬೀಸುತ್ತಾನೆ, ಸಮತೋಲನ ತಪ್ಪುತ್ತದೆ. ಆದರೆ 2019ರ ನವೆಂಬರ್‌ನಲ್ಲಿ ಲೂಯಿಸ್ ಆರ್ಟಿಜ್ ಎದುರು ಆರು ಸುತ್ತು ಪಾಯಿಂಟ್‌ನಲ್ಲಿ ಹಿಂದೆ ಇದ್ದು ಏಳನೆಯದರಲ್ಲಿ ಒಂದೇ ಬಲಗೈಯಲ್ಲಿ ಮುಗಿಸಿದ. ಆ ಕೈ ಇಲ್ಲದ ಹುಡುಗನಿಗೆ ವೈಲ್ಡರ್ ಥರ ಆಡು ಅಂತ ಹೇಳಿದರೆ ಅವನಿಗೆ ಪೆಟ್ಟು ಮಾತ್ರ ಸಿಗುತ್ತದೆ. ನಾನು ಯಾರಿಗೂ ಹೇಳಿಕೊಡುವುದಿಲ್ಲ. ಆದರೆ ತಾನಾಗೇ ಹಾಗೆ ಆಡುವ ಹುಡುಗ ಬಂದರೆ ಪೂರ್ತಿ ಅಳಿಸಿ ಬರೆಯಲೂ ಹೋಗುವುದಿಲ್ಲ. ಮೊದಲು ಅವನ ಕಾಲನ್ನು ಸರಿಮಾಡುತ್ತೇನೆ. ಹೊಡೆದ ಮೇಲೆ ಎರಡೂ ಕಾಲು ಅವನ ಕೆಳಗೇ ಇದ್ದರೆ ಕೈ ಹೇಗೆ ಬಂದರೂ ಪರವಾಗಿಲ್ಲ.

ಎರಡನೆಯದು ಸ್ವಲ್ಪ ಉದ್ದ. ಕಾಯುವುದು ಒಂದು ದಾರಿ. ನಸೀಮ್ ಹಮೀದ್ ಕೈ ಪೂರ್ತಿ ಕೆಳಗೆ ಬಿಟ್ಟು, ಎಲ್ಲೆಲ್ಲಿಂದಲೋ ನೆಗೆದು ಹೊಡೆಯುತ್ತಿದ್ದ. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಕೆವಿನ್ ಕೆಲ್ಲಿ ಎದುರು ತಾನೂ ಮೂರು ಸಲ ಬಿದ್ದು, ಅವನನ್ನೂ ಮೂರು ಸಲ ಬೀಳಿಸಿ ನಾಲ್ಕನೇ ಸುತ್ತಲ್ಲಿ ಗೆದ್ದ. ಅವನ ಎದುರಾಳಿಗಳೆಲ್ಲ ತೆರೆದ ಮುಖ ನೋಡಿ ನುಗ್ಗುತ್ತಿದ್ದರು. 2001ರ ಏಪ್ರಿಲ್‌ನಲ್ಲಿ ಮಾರ್ಕೋ ಆಂಟೋನಿಯೋ ಬರೇರಾ ನುಗ್ಗಲಿಲ್ಲ. ತನ್ನ ಜಾಗದಲ್ಲಿ ನಿಂತ, ಗಾರ್ಡ್ ಮೇಲೆ ಇಟ್ಟ, ಹಮೀದ್ ನೆಗೆದು ಬಂದಾಗ ಎಡಗೈ ಹುಕ್ ಕೊಟ್ಟ. 12 ಸುತ್ತು ಅದನ್ನೇ ಮಾಡಿ ಗೆದ್ದ.

ಜಾಗ ಕೊಡದಿರುವುದು ಇನ್ನೊಂದು. ವೈಲ್ಡರ್‌ಗೆ ಬಲಗೈ ಬೀಸಲು ದೂರ ಬೇಕು. 2018ರಲ್ಲಿ ಟೈಸನ್ ಫ್ಯೂರಿ ಹಿಂದೆ ಸರಿಯುತ್ತಾ ಆಡಿದ. ಚೆನ್ನಾಗೇ ಆಡಿದ, ಆದರೆ ಎರಡು ಸಲ ಬಿದ್ದು ಡ್ರಾ ಮಾಡಿಕೊಂಡ. 2020ರ ಫೆಬ್ರವರಿಯಲ್ಲಿ ಮೊದಲ ನಿಮಿಷದಿಂದ ಮುಂದೆ ನಡೆದ. ವೈಲ್ಡರ್‌ಗೆ ಹಿಂದೆ ನಡೆಯುತ್ತಾ ಹೊಡೆಯುವುದು ಗೊತ್ತಿರಲಿಲ್ಲ. ಏಳನೇ ಸುತ್ತಲ್ಲಿ ಅವನ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಫ್ಯೂರಿ ಕೂಡ ಇದೇ ಬಳಗದವನು. 6 ಅಡಿ 9 ಇಂಚಿನ ಮನುಷ್ಯ, ಯಾವ ಕೈ ಮುಂದೆ ಅಂತ ಗೊತ್ತಾಗುವುದಿಲ್ಲ, ಮೈ ಎಲ್ಲ ಅಲುಗುತ್ತಿರುತ್ತದೆ. ಆದರೆ ಅವನಿಗೆ ಎರಡನೇ ದಾರಿ ಇತ್ತು. ರಿಂಗ್ ಬದಿ ಅವರು ಹೇಳಿದ ಮಾತು ಇಲ್ಲಿ ಸರಿಯಾಗಿ ಕೂರುತ್ತದೆ.

ಎಡಗೈ ಹುಕ್

ಕೋಪ ಬಂದರೆ ಕೆಲಸ ಕೆಟ್ಟಿತು ಅಂತಲೂ ಸೇರಿಸಿ. ರಿಕಾರ್ಡೋ ಮಯೋರ್ಗ 2003ರಲ್ಲಿ ವರ್ನನ್ ಫಾರೆಸ್ಟ್‌ನನ್ನು ಮೂರನೇ ಸುತ್ತಲ್ಲಿ ಮುಗಿಸಿದ. ಫಾರೆಸ್ಟ್ ಆಗ ಸೋಲೇ ಕಾಣದವನು, ಹಿಂದಿನ ವರ್ಷ ಶೇನ್ ಮೋಸ್ಲಿಯನ್ನು ಎರಡು ಸಲ ಸೋಲಿಸಿದ್ದ. ಅಂಥವನು ಮಯೋರ್ಗನ ಬೀಸುಗೈಗೆ ತಾನೂ ಬೀಸಲು ಹೋದ. ಆ ವರ್ಷದ ಕೊನೆಗೆ ಕೋರಿ ಸ್ಪಿಂಕ್ಸ್ ಹಾಗೆ ಮಾಡಲಿಲ್ಲ. ಸೌತ್‌ಪಾ ಜ್ಯಾಬ್ ಹಾಕುತ್ತಾ ದೂರವೇ ಉಳಿದು ಪಟ್ಟ ತಗೊಂಡು ಹೋದ.

ಇದರ ಜೊತೆ ನನಗೆ ಸದಾ ನೆನಪಾಗುವುದು ಹ್ಯಾರಿ ಗ್ರೆಬ್. ಸುಮಾರು 300 ಪಂದ್ಯ ಆಡಿದವನು, ಆದರೆ ಒಂದು ಪಂದ್ಯದ ಫಿಲ್ಮ್ ಕೂಡ ಉಳಿದಿಲ್ಲ. ಉಳಿದಿರುವುದು ಅಭ್ಯಾಸದ ತುಣುಕು ಮಾತ್ರ. ನೋಡಿದವರು ಬರೆದಿದ್ದರಿಂದ ಗೊತ್ತು: ಎಲ್ಲಾ ಕಡೆಯಿಂದ, ನಿಲ್ಲದೆ, ಲೆಕ್ಕವಿಲ್ಲದೆ ಹೊಡೆಯುತ್ತಿದ್ದ. 1922ರ ಮೇ 23ರಂದು ಜೀನ್ ಟನಿಯ ಮೂಗು ಮುರಿದು 15 ಸುತ್ತು ಹೊಡೆದು ಗೆದ್ದ. ಆಮೇಲೆ ಹೆವಿವೇಯ್ಟ್ ಚಾಂಪಿಯನ್ ಆದ ಟನಿ ಇಡೀ ಜೀವನದಲ್ಲಿ ಸೋತದ್ದು ಅದೊಂದೇ. 1923ರಲ್ಲಿ ಗ್ರೆಬ್ ಮಿಡಲ್‌ವೇಯ್ಟ್ ಪಟ್ಟ ಗೆದ್ದಾಗ ಅವನ ಒಂದು ಕಣ್ಣು ಕಾಣುತ್ತಿರಲಿಲ್ಲ. ಟನಿ ಮಾತ್ರ ಸುಮ್ಮನೆ ಕೂರಲಿಲ್ಲ. ಮುಂದಿನ ಪಂದ್ಯಗಳಲ್ಲಿ ತಲೆಗೆ ಹೊಡೆಯುವುದು ಬಿಟ್ಟು ಹೊಟ್ಟೆ ಪಕ್ಕೆಗೆ ಹೊಡೆದ. ತಲೆ ಅಲುಗಿದಷ್ಟು ಮೈ ಅಲುಗುವುದಿಲ್ಲ ಅಲ್ವಾ.

ಜ್ಯಾಬ್ ಪ್ರಿಯೆ

ಜೋ ಕಾಲ್ಜಾಗಿಯನ್ನು ಎಲ್ಲಿ ಇಡುತ್ತೀರಿ? 46ಕ್ಕೆ 46 ಗೆದ್ದವನು. ಆದರೆ ಹೊಡೆತ ಮುಷ್ಟಿಯಿಂದ ಅಲ್ಲ, ಅಂಗೈಯಿಂದ ಬಡಿದ ಹಾಗೆ ಕಾಣುತ್ತದೆ. ಕೈಗೆ ಪದೇ ಪದೇ ಪೆಟ್ಟಾಗುತ್ತಿದ್ದದ್ದೂ ಒಂದು ಕಾರಣ. ಕಲಿಸಿದ ಅಪ್ಪ ಎಂಜೋ ಮೂಲತಃ ಸಂಗೀತಗಾರ, ಬಾಕ್ಸರ್ ಅಲ್ಲ. 2006ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜೆಫ್ ಲೇಸಿ ಎದುರು ಆಡಿದ ಪಂದ್ಯದಲ್ಲಿ ಲೇಸಿ ಒಂದು ಪಂಚ್ ಹೊರಡಿಸುವಷ್ಟರಲ್ಲಿ ಇವನದು ನಾಲ್ಕು ಬಿದ್ದಿರುತ್ತಿತ್ತು. ಅದರಲ್ಲಿ ಎರಡು ಬರೀ ತಟ್ಟಿದ್ದು. ಆದರೆ ಯಾವ ಎರಡು ಅಂತ ಲೇಸಿಗೆ ಗೊತ್ತಾಗುತ್ತಿರಲಿಲ್ಲ.

ರಿಂಗ್ ಬದಿ

ಕಾಲ್ಜಾಗಿಯನ್ನು ಮೇಲಿನ ಸಾಲಲ್ಲೇ ಇಡುತ್ತೇನೆ. 2008ರಲ್ಲಿ ಹಾಪ್ಕಿನ್ಸ್ ಎದುರು ಮೊದಲ ಸುತ್ತಲ್ಲೇ ಬಿದ್ದು, ಆಮೇಲೆ ಆಟವನ್ನೇ ಬದಲಿಸಿ ಗೆದ್ದ. ಎರಡನೇ ದಾರಿ ಇದ್ದವನು.

ಹೊಸಬ

ಒಂದೇ ಪಂದ್ಯ ನೋಡಬೇಕು ಅಂದರೆ ಯಾವುದು ಹೇಳುತ್ತೀರಿ?

ಹಳೇ ಗ್ಲೌಸ್

ಓರ್ಲಾಂಡೋ ಸಾಲಿಡೋ ಮತ್ತು ವಸೀಲ್ ಲೊಮಾಚೆಂಕೋ. 2014ರ ಮಾರ್ಚ್ 1, ಸ್ಯಾನ್ ಆಂಟೋನಿಯೋ.

ಲೊಮಾಚೆಂಕೋ ಎರಡು ಒಲಿಂಪಿಕ್ ಚಿನ್ನ ಗೆದ್ದು ವೃತ್ತಿಪರನಾಗಿ ಎರಡನೇ ಪಂದ್ಯಕ್ಕೇ ಪಟ್ಟ ಕೇಳಿದವನು. ನಮ್ಮ ಕಾಲದ ಅತಿ ಸುಂದರ ಕಾಲುಗಳು ಅವನವು. ಸಾಲಿಡೋ ಹದಿಹರೆಯದಲ್ಲೇ ದುಡ್ಡಿಗೆ ಆಡಲು ಇಳಿದವನು, ಹತ್ತಕ್ಕೂ ಜಾಸ್ತಿ ಸಲ ಸೋತವನು. ತೂಕ ಮೀರಿ ಬಂದಿದ್ದ, ಹಾಗಾಗಿ ಗೆದ್ದರೂ ಪಟ್ಟ ಸಿಗುತ್ತಿರಲಿಲ್ಲ. ಅದು ಅವನ ತಪ್ಪೇ. ಬೆಲ್ಟ್ ಕೆಳಗೂ ಬೇಕಾದಷ್ಟು ಹೊಡೆದ, ಅದು ಫೌಲ್, ಅದನ್ನೂ ನಾನು ಮೆಚ್ಚುವುದಿಲ್ಲ.

ಆದರೆ ಮೊದಲ ಆರು ಸುತ್ತಲ್ಲಿ ಸಾಲಿಡೋನ ತಲೆ ಎಲ್ಲಿರುತ್ತದೆ ನೋಡು. ಲೊಮಾಚೆಂಕೋನ ಎದೆಗೆ ಒತ್ತಿಕೊಂಡೇ ಇರುತ್ತದೆ. ಆ ಕಾಲುಗಳು ತಿರುಗಬೇಕಾದರೆ ಅರ್ಧ ಹೆಜ್ಜೆ ಜಾಗ ಬೇಕು. ಆ ಅರ್ಧ ಹೆಜ್ಜೆಯನ್ನು ಅವನು ಕೊಡುವುದಿಲ್ಲ. ಮುಷ್ಟಿ ಬೀಳುವುದು ಪಕ್ಕೆಗೆ, ತೋಳಿಗೆ, ಸೊಂಟಕ್ಕೆ, ಎಲ್ಲೆಂದರಲ್ಲಿ. 12ನೇ ಸುತ್ತಲ್ಲಿ ಲೊಮಾಚೆಂಕೋ ಅವನನ್ನು ತೂರಾಡುವ ಹಾಗೆ ಹೊಡೆದ, ಆದರೆ ಬೀಳಿಸಲಾಗಲಿಲ್ಲ. ಇಬ್ಬರು ಜಡ್ಜ್‌ಗಳು ಸಾಲಿಡೋಗೆ ಕೊಟ್ಟರು, ಒಬ್ಬರು ಲೊಮಾಚೆಂಕೋಗೆ.

ಮೊದಲ ಸಲ ನೋಡುವಾಗ ಸೌಂಡ್ ಆಫ್ ಮಾಡಿ ಕಾಲು ಮಾತ್ರ ನೋಡು. ಎರಡನೇ ಸಲ ರೆಫರಿಯನ್ನು ನೋಡು. ಆಮೇಲೆ ರಿಂಗ್ ಬದಿ ಅವರ ಜೊತೆ ಜಗಳಕ್ಕೆ ಬಾ, ನಾನೂ ಇರುತ್ತೇನೆ.